ಗಾಳಿಯತ್ತ ವಾಲಿದ ಪೆಟ್ಟಿಗೆ

ಬಿಸಿ ಎಂಜಿನ್ನಿನ ಮೇಲೆ ಎಣ್ಣೆ ಸುಟ್ಟ ವಾಸನೆ ಮೂಗಿಗೆ ಬಂದರೆ ನರ್ಸಮ್ಮ ಈಗಲೂ ಪುಟ್ಟ ಹುಡುಗಿಯಾಗಿಬಿಡುತ್ತಿದ್ದಳು. ಅಪ್ಪ ಅವಳನ್ನು ಮೋಟರ್‌ಸೈಕಲ್ಲಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ ಕಾಲದ ವಾಸನೆ ಅದು. ಅವನ ಎರಡು ತೋಳುಗಳ ನಡುವೆ ಕೂತರೆ ಲೋಕದಲ್ಲಿ ಬೀಳುವುದು ಎಂಬುದೇ ಇರಲಿಲ್ಲ. ಆ ಮಧ್ಯಾಹ್ನ ಆಸ್ಪತ್ರೆಯ ಅಂಗಳದಲ್ಲಿ ಅದೇ ವಾಸನೆ ಎದ್ದಿತ್ತು. ಈ ಸಲ ಕೂರಬೇಕಾದದ್ದು ನಾದಿನಿಯ ಹಿಂದೆ, ಹೋಗಬೇಕಾದದ್ದು ಬಿರುಗಾಳಿಗೆ ಊಳಿಡುತ್ತಿದ್ದ ಬೆಟ್ಟದ ಆಚೆಗೆ.

ಬೆಟ್ಟದಾಚೆ ರಸ್ತೆ ಮಾಡುವವರ ಬಿಡಾರವಿತ್ತು. ಅಲ್ಲಿನ ಬುಲ್ಡೋಜರ್ ಚಾಲಕನಿಗೆ ಹಾವು ಕಚ್ಚಿತ್ತು. ಕಣ್ಣಿನ ರೆಪ್ಪೆ ಜೋಲುತ್ತಿದೆ, ಮಾತು ತೊದಲುತ್ತಿದೆ ಎಂದು ಫೋನ್ ಬಂದಿತ್ತು. ಕೆಳಗೆ ತರೋಣವೆಂದರೆ ಬೆಟ್ಟದ ನೆತ್ತಿಯ ಹತ್ತಿರ ರಸ್ತೆಗೆ ಅಡ್ಡಲಾಗಿ ಮರ ಉರುಳಿ ಜೀಪು ಹಾಯುವಂತಿರಲಿಲ್ಲ. ಉಸಿರಾಟದ ಸ್ನಾಯುಗಳು ಸೋಲುವ ಮುಂಚೆ ಔಷಧಿ ಅವನ ರಕ್ತಕ್ಕೆ ಸೇರಬೇಕಿತ್ತು. ಡಾಕ್ಟರು ಕಷ್ಟದ ಹೆರಿಗೆಯೊಂದನ್ನು ಬಿಟ್ಟು ಕದಲುವಂತಿರಲಿಲ್ಲ. ಅವರು ಔಷಧಿಯನ್ನು ಎರಡು ಐಸ್ ಪೆಟ್ಟಿಗೆಗಳಲ್ಲಿ ಹಂಚಿದರು. ಒಂದೊಂದರಲ್ಲೂ ಮೊದಲ ಸುತ್ತಿನ ಚಿಕಿತ್ಸೆಗೆ ಸಾಲುವಷ್ಟು. ಒಂದು ಬಿದ್ದರೆ ಇನ್ನೊಂದಾದರೂ ತಲುಪಲಿ ಎಂದು.

ಒಂದು ಪೆಟ್ಟಿಗೆ ನರ್ಸಮ್ಮನ ತೊಡೆಯ ಮೇಲೆ. ಇನ್ನೊಂದು ಕರೆಂಟಿನ ಕಂಬ ಹತ್ತುವ ಲೈನ್‌ಮನ್‌ನ ಬೈಕಿನ ಹಿಂದೆ. ಅವನನ್ನು ಊರೆಲ್ಲ ಕರೆಯುತ್ತಿದ್ದದ್ದು ಕಡ್ಡಿ ಎಂದು, ಮೈಕಟ್ಟೂ ಹಾಗೆಯೇ. ಗಾಳಿ ಎತ್ತಿಕೊಂಡು ಹೋಗದಿರಲೆಂದು ಅವನು ಎರಡೂ ಬದಿಯ ಚೀಲಗಳಲ್ಲಿ ತಂತಿಯ ಸುರುಳಿ ತುಂಬಿದ್ದ. ಗರಗಸ, ಹಗ್ಗ ಕೂಡ ಇದ್ದವು. ಪಟಪಟ ಹಾರುತ್ತಿದ್ದ ಅವನ ಮಳೆಯಂಗಿಯನ್ನು ನಾದಿನಿ ಸುಮ್ಮನೆ ಹತ್ತಿರ ಹೋಗಿ ಸೊಂಟಕ್ಕೆ ಬಿಗಿದು ಕಟ್ಟಿದಳು. ಅವಳು ಬೆಟ್ಟದ ಹಳ್ಳಿಗಳಿಗೆ ಅಂಚೆ ಮುಟ್ಟಿಸುವವಳು. ಆ ರಸ್ತೆಯ ಪ್ರತಿ ತಿರುವೂ ಅವಳಿಗೆ ಗೊತ್ತು.

ಮೊದಲರ್ಧ ದಾರಿ ಸಲೀಸಾಗಿತ್ತು. ಎಡಕ್ಕೆ ಗುಡ್ಡ, ಬಲಕ್ಕೆ ಕೊಳ್ಳ. ಕೊಳ್ಳದ ತುಂಬ ಹುಲ್ಲು ಒಮ್ಮೆ ಬೆಳ್ಳಗೆ, ಒಮ್ಮೆ ಹಸಿರಾಗಿ ಮಗ್ಗುಲಾಗುತ್ತಿತ್ತು. ಯಾರೋ ದೊಡ್ಡ ಕೈಯಿಂದ ಬೆಕ್ಕಿನ ಬೆನ್ನು ಸವರಿದಂತೆ. ಗುಡ್ಡದ ಮರೆಯಲ್ಲಿ ಇರುವಷ್ಟು ಹೊತ್ತು ಗಾಳಿಯ ಸದ್ದು ಮಾತ್ರ. ಹುಲ್ಲನ್ನು ನೋಡುತ್ತಿರಿ ಅತ್ತಿಗೆ, ಅದು ಮಲಗಿತು ಅಂದರೆ ಹೊಡೆತ ಬರುತ್ತಿದೆ ಅಂತ, ಎಂದು ನಾದಿನಿ ಹೇಳಿದ್ದಳು.

ಗುಡ್ಡ ಮುಗಿಯಿತು.

ಗಾಳಿ ಎಡದಿಂದ ಗೋಡೆಯಂತೆ ಬಂದು ಅಪ್ಪಳಿಸಿತು. ನಾದಿನಿ ಬೈಕನ್ನು ಗಾಳಿಯ ಕಡೆಗೆ ವಾಲಿಸಿದಳು. ಬೈಕು ಮಾತ್ರ ಬಲಕ್ಕೆ ಜಾರಿತು. ಇನ್ನೊಮ್ಮೆ ವಾಲಿಸಿದಳು. ಇನ್ನೊಮ್ಮೆ ಜಾರಿತು. ರಸ್ತೆಯ ಅಂಚಿನ ಜಲ್ಲಿ ಚಕ್ರದಡಿ ಕರಕರ ಎಂದಿತು.

ಅವಳು ಬ್ರೇಕನ್ನು ಜಗ್ಗಲಿಲ್ಲ. ವೇಗ ಮೆಲ್ಲಗೆ ಇಳಿಸಿ, ಮುಂದಿನ ಬಂಡೆಯ ಮರೆಗೆ ತಂದು ಕಾಲೂರಿದಳು. ಮುಂದೆ ಹೋಗಿದ್ದ ಕಡ್ಡಿ ಅಲ್ಲೇ ಬೈಕು ನಿಲ್ಲಿಸಿ ಕಾಯುತ್ತಿದ್ದ.

"ಅತ್ತಿಗೆ, ನೀವು ನನ್ ಜೊತೆ ಬರ್ತಿದ್ದೀರಾ, ಇಲ್ಲ ಗಾಳಿ ಕಡೆ ಸೇರ್ಕೊಂಡಿದ್ದೀರಾ?"

ನರ್ಸಮ್ಮನಿಗೆ ಆಗ ಹೊಳೆಯಿತು. ಬೈಕು ಎಡಕ್ಕೆ ವಾಲಿದಾಗೆಲ್ಲ ಅವಳು ಪೆಟ್ಟಿಗೆಯನ್ನು ನೆಟ್ಟಗೆ ಹಿಡಿಯಲು ಬಲಕ್ಕೆ ಬಾಗುತ್ತಿದ್ದಳು. ಟ್ರೇ ಅಲುಗಬಾರದು, ಬಾಟಲಿ ಓರೆಯಾಗಬಾರದು ಎಂದು ವರ್ಷಾನುಗಟ್ಟಲೆ ಪಳಗಿದ ಕೈ. ಓರೆಯಾದರೆ ಈ ಔಷಧಿಗೆ ಏನೂ ಆಗದು ಎಂದು ತಲೆಗೆ ಗೊತ್ತಿತ್ತು. ಕೈಗೆ ಯಾರೂ ತಿಳಿಸಿರಲಿಲ್ಲ.

ಹೇಳಿಕೊಂಡಾಗ ನಾದಿನಿ ಬೈಯಲಿಲ್ಲ. ತಪ್ಪು ತನ್ನದೂ ಇದೆ, ಹಿಂದೆ ಕೂರುವವರು ಏನು ಮಾಡಬೇಕು ಎಂದು ಹೊರಡುವಾಗಲೇ ಹೇಳಬೇಕಿತ್ತು, ದಿನವೂ ಹಿಂದೆ ಕೂರುವ ಅಂಚೆ ಚೀಲಕ್ಕೆ ಯಾವತ್ತೂ ಹೇಳಿ ಅಭ್ಯಾಸವಿಲ್ಲ ಎಂದಳು. ನರ್ಸಮ್ಮ ಶಾಲು ಬಿಚ್ಚಿ, ಪೆಟ್ಟಿಗೆಯನ್ನು ಹೊಟ್ಟೆಗವಚಿ ಕೂಸಿನಂತೆ ಕಟ್ಟಿಕೊಂಡಳು. ಎರಡೂ ಕೈ ಖಾಲಿಯಾದವು. ಅವನ್ನು ನಾದಿನಿಯ ಸೊಂಟಕ್ಕೆ ಸುತ್ತಿದಳು.

"ನಾನು ಎತ್ತ ವಾಲಿದ್ರೆ ನೀವೂ ಅತ್ತ. ಏನೂ ಯೋಚ್ನೆ ಮಾಡ್ಬೇಡಿ, ಅಕ್ಕಿ ಮೂಟೆ ಥರ ಕೂತ್ಕೊಳಿ."

"ಮದ್ವೆಯಾಗಿ ಬಂದಾಗಿನಿಂದ ನಿಮ್ಮಣ್ಣ ಹೇಳೋದೂ ಅದನ್ನೇ," ಎಂದಳು ನರ್ಸಮ್ಮ. ಬಂಡೆಯ ಮರೆಯಲ್ಲಿ ಮೂವರೂ ನಕ್ಕರು. ನಕ್ಕಾಗ ಹೆದರಿಕೆ ಒಂದು ಬೆರಳಷ್ಟು ಹಿಂದೆ ಸರಿಯಿತು.

ಈಗ ಬೈಕು ಹೇಳಿದಂತೆ ಕೇಳಿತು. ನಾದಿನಿ ರಸ್ತೆಯ ಎಡಬದಿಗೇ ಅಂಟಿಕೊಂಡಳು. ದಬ್ಬಿದರೂ ಬಲಕ್ಕೆ ಜಾಗವಿರಲಿ ಎಂದು. ಮಂಡಿಗಳಿಂದ ಟ್ಯಾಂಕನ್ನು ಅವುಚಿ, ಎದೆ ತಗ್ಗಿಸಿ, ಕೈಗಳನ್ನು ಮಾತ್ರ ಸಡಿಲ ಬಿಟ್ಟಳು. ಹ್ಯಾಂಡಲ್ ಅವಳ ಅಂಗೈಯಲ್ಲಿ ಹಕ್ಕಿಯಂತೆ ಮಿಸುಕುತ್ತಿತ್ತು. ಅವಳು ಅದನ್ನು ಹಿಸುಕಲಿಲ್ಲ.

ಮುಂದಿದ್ದ ಕಡ್ಡಿ ಗಟ್ಟಿಯಾಗಿ ಹಿಡಿದಿದ್ದ.

ಹುಲ್ಲು ಮಲಗಿತು. ಕಡ್ಡಿಯ ಮುಂಚಕ್ರ ಕುಪ್ಪಳಿಸಿತು. ಬೈಕು ಮಗ್ಗುಲಿಗೆ ಬಿದ್ದು ಜಾರಿ ನಿಂತಿತು. ಪೆಟ್ಟಿಗೆ ಹಗ್ಗ ಕಳಚಿಕೊಂಡು ಪುಟಿಯುತ್ತ ಕೊಳ್ಳಕ್ಕೆ ಉರುಳಿತು. ಕೆಳಗಿನಿಂದ ಒಡೆದ ಸದ್ದೂ ಬರಲಿಲ್ಲ. ಗಾಳಿ ಅದನ್ನೂ ನುಂಗಿತ್ತು.

ಕಡ್ಡಿಯ ಮೊಣಕೈ ತರಚಿತ್ತು, ಅಷ್ಟೇ. ಅವನು ಅಂಚಿನಲ್ಲಿ ಅಂಗಾತ ಬಿದ್ದವನು ಎದ್ದು ಕೊಳ್ಳಕ್ಕೆ ಇಳಿಯಲು ಹೊರಟ. ನರ್ಸಮ್ಮ ಅವನ ತೋಳು ಹಿಡಿದಳು. ಅದಕ್ಕೇ ತಾನೆ ಎರಡು ತಂದದ್ದು ಎಂದಳು. ಅವನು ಹ್ಯಾಂಡಲ್ ಸೊಟ್ಟಗಾಗಿದ್ದ ಬೈಕನ್ನು ಎತ್ತಿ ನಿಲ್ಲಿಸಿದ. ಅವಳು ಶಾಲಿನ ಗಂಟನ್ನು ಇನ್ನೊಮ್ಮೆ ಮುಟ್ಟಿ ನೋಡಿಕೊಂಡಳು. ಬುಲ್ಡೋಜರ್ ಚಾಲಕನ ಜೀವ ಈಗ ಆ ಒಂದೇ ಗಂಟಿನಲ್ಲಿತ್ತು.

ಉರುಳಿದ ಮರದ ಹತ್ತಿರ ಗಾಳಿ ಬೈಕಿನ ಮೇಲೆ ಕೂರಲೂ ಬಿಡಲಿಲ್ಲ. ಇಳಿದರು. ಬಂಡೆಗೆ ಬೆನ್ನು ಕೊಟ್ಟು ಕಾದರು. ಗಾಳಿಯೂ ಉಸಿರು ತೆಗೆದುಕೊಳ್ಳುತ್ತದೆ ಎಂದ ಕಡ್ಡಿ. ಕಂಬ ಹತ್ತುವಾಗ ಆ ಬಿಡುವಿನಲ್ಲೇ ಅವನು ಒಂದೊಂದು ಹೆಜ್ಜೆ ಇಡುವುದು. ಬಿಡುವು ಸಿಕ್ಕಾಗೆಲ್ಲ ಗರಗಸ ಆಡಿಸಿ, ಕಾಂಡದ ಕೆಳಗಿನ ಕೊಂಬೆಗಳನ್ನು ಕತ್ತರಿಸಿದ. ನಾದಿನಿಯ ಬೈಕಿಗೆ ಹಗ್ಗ ಕಟ್ಟಿ ತಾನು ಗಾಳಿ ಬರುವ ಕಡೆ ಕೂತು ಬಿಗಿಯಾಗಿ ಎಳೆದು ಹಿಡಿದ. ಇಬ್ಬರು ಹೆಂಗಸರು ಹೊಟ್ಟೆಯ ಮೇಲೆ ತೆವಳುವಷ್ಟು ಬಗ್ಗಿ ಅದನ್ನು ಮರದಡಿ ದಾಟಿಸಿದರು.

"ನನ್ ಬೈಕ್ ಆಮೇಲೆ ನೋಡ್ಕೋತೀನಿ. ನೀವು ನಡೀರಿ," ಎಂದ ಕಡ್ಡಿ.

ಬಿಡಾರದ ತಗಡಿನ ಕೋಣೆಯಲ್ಲಿ ಚಾಲಕ ಗೋಡೆಗೆ ಮುಖ ಮಾಡಿ ಮಲಗಿದ್ದ. ಕಚ್ಚಿದ ಕಾಲಿಗೆ ಹಲಗೆ ಕಟ್ಟಿ, ಅಲುಗದಂತೆ ಹಿಡಿದು ಅವನ ಹೆಂಡತಿ ಕೂತಿದ್ದಳು. ಅವಳು ಬಿಡಾರದ ಅಡಿಗೆಯವಳು. ಬಾಗಿಲು ತೆರೆದಾಗಲೂ ಕೈ ಸಡಿಲಿಸಲಿಲ್ಲ. ನರ್ಸಮ್ಮನ ಬೆರಳುಗಳು ಮರಗಟ್ಟಿದ್ದವು. ಬಗಲಿಗೆ ಸಿಕ್ಕಿಸಿಕೊಂಡು ಬೆಚ್ಚಗೆ ಮಾಡಿಕೊಂಡಳು. ಪೆಟ್ಟಿಗೆ ತೆರೆದಳು. ಒಂದು ಶೀಶೆಯೂ ಒಡೆದಿರಲಿಲ್ಲ.

ಡಾಕ್ಟರು ಫೋನಿನಲ್ಲಿ ಹೇಳುತ್ತ ಹೋದರು. ಅವಳು ನರ ಹುಡುಕಿ ಔಷಧಿ ಹನಿಸಿದಳು, ಮೈ ತಡೆದುಕೊಳ್ಳುತ್ತದೆಯೇ ಎಂದು ನೋಡುತ್ತ ಪಕ್ಕದಲ್ಲೇ ಕೂತಳು. ಕತ್ತಲಾಗುವ ಹೊತ್ತಿಗೆ ನಡೆದು ಬಂದು ಸೇರಿದ ಕಡ್ಡಿ ಬಾಗಿಲಲ್ಲೇ ನಿಂತ. ಎಷ್ಟೋ ಹೊತ್ತಿನ ಮೇಲೆ ಚಾಲಕನ ಒಂದು ರೆಪ್ಪೆ ಅರ್ಧ ಮೇಲೆದ್ದಿತು. ಅವನು ಹೆಂಡತಿಯನ್ನು ನೋಡಿ, ಕಾಲು ಬಿಡು ನೋಯುತ್ತೆ ಎಂದು ತೊದಲಿದ. ಕಡ್ಡಿ ಹೊರಗೆ ಹೋಗಿ ಮುಖ ಒರೆಸಿಕೊಂಡ.

ಬೆಳಗಾಗುವಷ್ಟರಲ್ಲಿ ಗಾಳಿ ತಗ್ಗಿತ್ತು. ಬಿಡಾರದ ಜನ ಮರ ಕಡಿದು ಜೀಪಿಗೆ ದಾರಿ ಮಾಡಿದರು. ರೋಗಿಯ ಒಂದು ಪಕ್ಕ ಹೆಂಡತಿ, ಇನ್ನೊಂದು ಪಕ್ಕ ನರ್ಸಮ್ಮ, ಜೀಪಿನ ಮುಂದೆ ತನ್ನ ಬೈಕಿನಲ್ಲಿ ನಾದಿನಿ, ಹಿಂದೆ ಸೊಟ್ಟ ಹ್ಯಾಂಡಲಿನ ಬೈಕಿನಲ್ಲಿ ಕಡ್ಡಿ. ಆಸ್ಪತ್ರೆಯ ಹಾಸಿಗೆಗೆ ಸೇರಿಸಿದ ಮೇಲೆ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಉಸಿರಾಟ ಚೆನ್ನಾಗಿದೆ, ಉಳಿದುಕೊಂಡ ಎಂದರು.

ಮೂವರೂ ಜಗಲಿಯ ಬೆಂಚಿನ ಮೇಲೆ ಕುಸಿದರು. ಎದ್ದು ಮನೆಗೆ ಹೋಗುವ ತ್ರಾಣ ಯಾರಲ್ಲೂ ಇರಲಿಲ್ಲ.

ಒಳಗಿನಿಂದ ಚಾಲಕನ ಹೆಂಡತಿ ಬಂದಳು. ಆಸ್ಪತ್ರೆಯಲ್ಲಿ ಎಷ್ಟು ದಿನವಾಗುವುದೋ ಎಂದು ತನಗಾಗಿ ಕಟ್ಟಿಕೊಂಡು ಬಂದಿದ್ದ ಊಟದ ಡಬ್ಬಿ ಕೈಯಲ್ಲಿತ್ತು. ಮುಚ್ಚಳ ಬಿಗಿಯಾಗಿದೆಯೆಂದು ತಾನೇ ಬಿಚ್ಚಿ, ನರ್ಸಮ್ಮನ ತೊಡೆಯ ಮೇಲೆ ಇಟ್ಟು ಒಳಗೆ ಹೋದಳು.