ಇನ್ಸ್‌ಪೆಕ್ಟರಮ್ಮನ ಹಲ್ಲು

"ಇನ್ನೂ ಸ್ವಲ್ಪ ಹುಳುಕು ಉಳಿದಿದೆ. ಇರಲಿ, ಅದನ್ನ ಹಾಗೇ ಬಿಡೋಣ" ಎಂದರು ಡಾಕ್ಟರ್ ಸುನಿತಾ.

ಬಿಡೋದಾ? ಸ್ವಪ್ನಾಳ ಕಣ್ಣುಗಳು ಅಗಲವಾದವು. ಬಾಯಂತೂ ಆಗಲೇ ಅಗಲವಾಗಿತ್ತು. ಅದರೊಳಗೆ ಎರಡು ಹತ್ತಿಯುಂಡೆ, ಸೊರ್ ಎಂದು ಎಂಜಲು ಎಳೆಯುವ ಒಂದು ಪೈಪು, ಸಾಲದ್ದಕ್ಕೆ ಡಾಕ್ಟರ ಎರಡು ಬೆರಳು.

"ಆ ಆ! ಆಆ ಆ!" ಎಂದಳು ಸ್ವಪ್ನಾ. ಬಿಡಬೇಡಿ, ಪೂರ್ತಿ ತೆಗೀರಿ ಎಂದು ಅದರ ಅರ್ಥ.

"ನೋವಾಯ್ತಾ?"

ಇಲ್ಲ ಎಂದು ತಲೆಯಾಡಿಸಿದಳು.

"ಜಾಣೆ. ಇನ್ನೂ ಸ್ವಲ್ಪ ಅಗಲ ತೆಗಿ" ಎಂದು ಡಾಕ್ಟರು ಅದೇನೋ ಬಿಳಿ ಔಷಧಿ ಒಳಗಿಟ್ಟು, ಮೇಲೆ ಮೆತ್ತಿ, ಮುಚ್ಚಿಯೇಬಿಟ್ಟರು.

ಪಾಪ, ಮೊಳಕಾಲ್ಮೂರಿನ ಆ ಬೀದಿಯಲ್ಲಿ ತಪ್ಪು ಹುಡುಕುವುದರಲ್ಲಿ ಸ್ವಪ್ನಾಳನ್ನು ಮೀರಿಸಿದವರಿರಲಿಲ್ಲ. ಅಂಥವಳು ಚಳ್ಳಕೆರೆಯ ಹಲ್ಲಿನ ಆಸ್ಪತ್ರೆಯವರೆಗೆ ಬಂದು, ಕಣ್ಣೆದುರೇ ತಪ್ಪು ನಡೆಯುವಾಗ ಬಾಯಿ ತೆರೆದುಕೊಂಡು ಸುಮ್ಮನಿರಬೇಕಾಯಿತು.

ಸ್ವಪ್ನಾಳ ಅಪ್ಪ ಗೋವರ್ಧನ ಮನೆಯಲ್ಲೇ ರೇಷ್ಮೆ ಸೀರೆ ನೇಯುತ್ತಾನೆ. ಸೀರೆ ಮಗ್ಗದಿಂದ ಇಳಿಯುತ್ತಲೇ ಐದನೇ ಕ್ಲಾಸಿನ ಈ ಹುಡುಗಿ ಅದನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ. "ಅಪ್ಪಾ, ಇಲ್ಲೊಂದು ಎಳೆ ತಪ್ಪೈತೆ." "ಅಪ್ಪಾ, ಈ ಹೂವಿಗೆ ಒಂದು ದಳ ಕಡಿಮೆ." ಅಪ್ಪನಿಗೆ ಕಾಣದ್ದು ಅವಳಿಗೆ ಕಾಣುತ್ತದೆ. ಅದಕ್ಕೇ ಅಪ್ಪ ಅವಳನ್ನು ಇನ್ಸ್‌ಪೆಕ್ಟರಮ್ಮ ಎಂದೇ ಕರೆಯುವುದು.

ಕಂಡರಷ್ಟೇ ಆಗಿದ್ದರೆ ಚೆನ್ನಾಗಿತ್ತು. ಕಂಡ ಕೂಡಲೇ ಅವಳ ಕೈ ತುರಿಸುತ್ತದೆ! ದಸರಾಕ್ಕೆ ಮುಂಚೆ ಮಗ್ಗದ ಮೇಲಿದ್ದ ಒಂದು ಎಳೆ ಸವೆದು, ನಾರುನಾರಾಗಿ ಜುಂಗೆದ್ದಿತ್ತು. ಇನ್ಸ್‌ಪೆಕ್ಟರಮ್ಮ ಸರಿಮಾಡುತ್ತೇನೆಂದು ಹೋಗಿ ಎಳೆದಳು. ಅದು ಪಟ್ಟೆಂದು ಹರಿಯಿತು. ಹೋಗುವಾಗ ಒಂದೇ ಹೋಗಲಿಲ್ಲ, ಅಕ್ಕಪಕ್ಕದ ಆರು ಎಳೆಗಳನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಅಪ್ಪ ಅರ್ಧ ದಿನ ಕೂತು ಗಂಟು ಹಾಕಿದ. ಬಯ್ಯಲಿಲ್ಲ. "ಇನ್ಸ್‌ಪೆಕ್ಟರಮ್ಮ ರಜೆ ಯಾವಾಗ ತಗಂತಾರೋ?" ಎಂದು ಮಗ್ಗವನ್ನೇ ಕೇಳಿದ, ಅಷ್ಟೆ.

ಇಂಥ ಕಣ್ಣಿನವಳಿಗೆ ತನ್ನ ಬಾಯೊಳಗಿನ ತೂತು ಮಾತ್ರ ಕಂಡಿರಲಿಲ್ಲ. ಕಂಡಿರಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ತಣ್ಣೀರು ಕುಡಿದಾಗ ಚುಳ್ ಎನ್ನುತ್ತಿತ್ತು. ಇನ್ಸ್‌ಪೆಕ್ಟರ ಹಲ್ಲೇ ಹುಳುಕು ಎಂದು ಗೊತ್ತಾದರೆ ಮರ್ಯಾದೆ ಏನಾಗಬೇಕು? ಯಾರಿಗೂ ಹೇಳದೆ ಇನ್ನೊಂದು ಕಡೆ ಅಗಿಯುತ್ತಿದ್ದಳು. ಒಂದು ದಿನ ಶೇಂಗಾ ಚಿಕ್ಕಿ ಕೊಟ್ಟರೂ ಬೇಡ ಎಂದಳು. ಅಜ್ಜಿ ರಂಗಕ್ಕನಿಗೆ ಆಗಲೇ ಅನುಮಾನ ಬಂತು. ಅವಳೇ ಮೊಮ್ಮಗಳನ್ನು ಇಲ್ಲಿಗೆ ಕರೆತಂದಿದ್ದಳು.

ಡಾಕ್ಟರು ಈಗ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಅಜ್ಜಿಯೂ ಕುರ್ಚಿ ಎಳೆದುಕೊಂಡು ಹತ್ತಿರ ಬಂದಳು.

"ಈ ಕಪ್ಪಗಿರೋದು ಹುಳುಕು. ಇದರ ಕೆಳಗೇ ನರ. ನಡುವೆ ಉಳಿದಿರೋದು ಈರುಳ್ಳಿ ಸಿಪ್ಪೆಯಷ್ಟು ತೆಳ್ಳನೆ ಗೋಡೆ. ಪೂರ್ತಿ ತೆಗೀತೀನಿ ಅಂತ ಕೆರೆದ್ರೆ ಗೋಡೆ ಒಡೆದು ನರಕ್ಕೇ ಪೆಟ್ಟಾಗುತ್ತೆ. ಆಮೇಲೆ ನರಾನೇ ತೆಗೀಬೇಕಾಗಬಹುದು. ಇದು ಹಾಲುಹಲ್ಲಲ್ಲ. ಹೋದ್ರೆ ಇನ್ನೊಂದು ಬರಲ್ಲ."

"ಉಳಿದಿದ್ದು ಬೆಳಿಯಲ್ವಾ?" ಎಂದು ಕೇಳಿದಳು ಸ್ವಪ್ನಾ. ತುಟಿ ಜೋಮು ಹಿಡಿದಿದ್ದರಿಂದ ಅರ್ಧ ಮಾತು, ಅರ್ಧ ಜೊಲ್ಲು ಬಂತು.

"ಊಟ ಸಿಗದ ಹಾಗೆ ಮುಚ್ಚಿದೀನಲ್ಲ! ಹುಳುಕು ಮಾಡೋ ಕ್ರಿಮಿಗಳು ಉಪವಾಸ ಬಿದ್ದು ಸುಮ್ಮನಾಗ್ತವೆ. ಅಷ್ಟರಲ್ಲಿ ನಿನ್ನ ಹಲ್ಲೇ ಒಳಗಿಂದ ಗೋಡೆ ದಪ್ಪ ಮಾಡ್ಕೊಳ್ಳುತ್ತೆ. ಮೂರು ತಿಂಗಳು ಬಿಟ್ಟು ಬಾ, ನೋಡೋಣ."

"ಅದೇನು ಔಷಧಿ ಡಾಕ್ಟ್ರಮ್ಮ?" ಎಂದಳು ಅಜ್ಜಿ.

"ಒಂಥರಾ ಸುಣ್ಣ ಅಜ್ಜಿ."

ಅಜ್ಜಿಯ ಮುಖ ಅರಳಿತು. ಸೊಂಟದ ಚೀಲದಿಂದ ಎಲೆಅಡಿಕೆ ಡಬ್ಬಿ ಹೊರಬಂತು. "ಇದಕ್ಕೆ ಇಷ್ಟು ದೂರ ಬರಬೇಕಿತ್ತಾ? ನನ್ತಾವೇ ಐತಲ್ಲ!"

"ಅಯ್ಯೋ, ಅದನ್ನ ಹಚ್ಚಿಬಿಟ್ಟೀರಾ! ಬಾಯಿ ಬೆಂದು ಹೋಗುತ್ತೆ" ಎಂದು ಡಾಕ್ಟರು ಡಬ್ಬಿಯನ್ನು ಅಜ್ಜಿಯ ಕೈಯಿಂದಲೇ ಮುಚ್ಚಿಸಿದರು. ಆಮೇಲೆ ಸ್ವಪ್ನಾಳ ಕಡೆ ತಿರುಗಿದರು. "ದಿನಾ ಎರಡು ಸಲ ಬ್ರಶ್ ಮಾಡು. ಇನ್ನೊಂದು ಕಂಡಿಷನ್. ನಾನು ಮುಚ್ಚಿರೋದನ್ನ ಕೆದಕಬಾರದು. ಕೆದಕಿದ್ರೆ ಹಲ್ಲಿನ ಕತೆ ಮುಗೀತು."

ವಾಪಸು ಬಸ್ಸು ತಳಕು ಊರು ದಾಟಿತು. ಸ್ವಪ್ನಾಳಿಗೆ ತಡೆಯಲಾಗಲಿಲ್ಲ.

"ಅಜ್ಜೀ, ಅವರು ಅರ್ಧ ಕೆಲಸ ಮಾಡಿ ಕಳಿಸವ್ರೆ."

"ನಂಗೂ ಹಂಗೇ ಅನ್ನಿಸ್ತು ಕಣೇ" ಎಂದಳು ಅಜ್ಜಿ. "ನಿಮ್ಮಪ್ಪ ಅರ್ಧ ಸೀರೆ ನೇಯ್ದು ಮಡಚಿಕೊಟ್ರೆ ಅಂಗಡಿಯೋರು ತಗಂತಾರಾ?"

ಸ್ವಪ್ನಾಳಿಗೆ ಇಷ್ಟು ಸಾಕಾಯಿತು.

ಮರುದಿನ ಭಾನುವಾರ. ತುಟಿಯ ಜೋಮು ಇಳಿದಿತ್ತು. ನಾಲಗೆಗೆ ಮಾತ್ರ ಬೇರೆ ಕೆಲಸವೇ ಇರಲಿಲ್ಲ. ಹೋಗಿ ಹಲ್ಲನ್ನು ಮುಟ್ಟುವುದು, ಬರುವುದು, ಮತ್ತೆ ಹೋಗುವುದು. ಆ ಮುಚ್ಚಳದ ಕೆಳಗೆ ಹುಳುಕು ಕೂತಿದೆ, ತನ್ನನ್ನು ನೋಡಿ ನಗುತ್ತಿದೆ ಎಂದೇ ಅವಳಿಗೆ ಅನ್ನಿಸುತ್ತಿತ್ತು. ಕಂಡ ತಪ್ಪನ್ನು ಮೂರು ತಿಂಗಳು ಬಾಯಲ್ಲಿಟ್ಟುಕೊಂಡು ಓಡಾಡುವುದೆಂದರೆ ಹುಡುಗಾಟವೇ?

ಮಧ್ಯಾಹ್ನ ಅಜ್ಜಿ ಮಲಗಿದಳು. ಅವಳ ಬಳೆಗೆ ಯಾವಾಗಲೂ ಎರಡು ಪಿನ್ನು ಸಿಕ್ಕಿಸಿರುತ್ತಾಳೆ. ಸ್ವಪ್ನಾ ಮೆಲ್ಲಗೆ ಒಂದನ್ನು ಬಿಡಿಸಿಕೊಂಡು ಕನ್ನಡಿಯ ಮುಂದೆ ನಿಂತಳು. ಬಾಯಿ ತೆರೆದಳು. ಒಂದು ಮೂಲೆಯಲ್ಲಿ ಸ್ವಲ್ಪವೇ ಎತ್ತಿ ನೋಡುವುದು, ಅಷ್ಟೆ. ಪಿನ್ನಿನ ತುದಿ ಬಿಳಿ ಮುಚ್ಚಳವನ್ನು ಮುಟ್ಟಿತು. ಟಕ್ ಎಂದಿತು. ಹೋದ್ರೆ ಇನ್ನೊಂದು ಬರಲ್ಲ ಎಂದು ಡಾಕ್ಟರು ಹೇಳಿದ್ದು ನೆನಪಾಯಿತು. ಭಯವೂ ಆಯಿತು. ಆದರೂ ಕೈ ಕೆಳಗಿಳಿಯಲಿಲ್ಲ.

"ಇನ್ಸ್‌ಪೆಕ್ಟರಮ್ಮಾ! ಬಾ ಇಲ್ಲಿ, ನಿನ್ನ ಕಣ್ಣು ಬೇಕು" ಎಂದು ಅಪ್ಪ ಮಗ್ಗದ ಕೋಣೆಯಿಂದ ಕೂಗಿದ.

ಪಿನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಓಡಿದಳು.

"ಯಾವುದೋ ಒಂದು ಎಳೆ ತೊಡರ್ತೈತೆ. ಯಾವ್ದು ನೋಡು."

ಸಾವಿರಾರು ಎಳೆಗಳ ನಡುವೆ ಅವಳಿಗೆ ಅದು ಒಂದೇ ನೋಟಕ್ಕೆ ಸಿಕ್ಕಿತು. ನಡುವಲ್ಲಿ ಜುಂಗೆದ್ದು ಸವೆದು, ಇನ್ನೇನು ಹರಿಯುತ್ತೇನೆ ಎನ್ನುವಂತಿತ್ತು. "ಇದೇ ಅಪ್ಪಾ! ಕಿತ್ತುಹಾಕಿ ಬೇರೆ ಕಟ್ಟು."

"ಕೀಳಬಹುದು. ದಸರಾದಾಗ ಒಬ್ರು ಕಿತ್ತಿದ್ರು. ಯಾರಪ್ಪಾ ಅದು?"

ಸ್ವಪ್ನಾ ಪಿನ್ನು ಹಿಡಿದ ಕೈಯನ್ನು ಬೆನ್ನ ಹಿಂದೆ ಸರಿಸಿದಳು.

ಅಪ್ಪ ಬಟ್ಟಲಲ್ಲಿದ್ದ ಗಂಜಿತಿಳಿಗೆ ಬೆರಳದ್ದಿ, ಆ ಎಳೆಯ ಮೇಲೆ ಮೆತ್ತಗೆ ಸವರಿದ. ಎದ್ದಿದ್ದ ಜುಂಗು ಮಲಗಿತು. ಅಷ್ಟು ಮಾಡಿ, ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತುಬಿಟ್ಟ.

"ಹಂಗೇ ಬಿಟ್ಬಿಡ್ತೀಯಾ?"

"ಬಿಟ್ಟಿಲ್ಲ. ಒಣಗಲಿ ಅಂತ ಕಾಯ್ತಿದೀನಿ. ಒಣಗಿದ್ರೆ ಗಟ್ಟಿ ಆಗ್ತದೆ."

"ಕೈ ಯಾಕೆ ಕಂಕುಳಲ್ಲಿ ಇಟ್ಕೊಂಡಿದೀಯಾ?"

ಅಪ್ಪ ನಾಚಿಕೊಂಡು ನಕ್ಕ. "ನಂಗೂ ಕೈ ತುರಿಸ್ತೈತೆ ಕಣವ್ವಾ. ಒಣಗಿತಾ, ಇಲ್ವಾ ಅಂತ ಮುಟ್ಟಿ ನೋಡೋಣ ಅನ್ನಿಸ್ತೈತೆ. ಮುಟ್ಟಿದ್ರೆ ಕೆಟ್ಟೇ ಹೋಯ್ತು."

ಸ್ವಪ್ನಾಳಿಗೆ ಆಶ್ಚರ್ಯವಾಯಿತು. ಕೈ ತುರಿಸುವುದು ತನಗೊಬ್ಬಳಿಗೇ ಎಂದುಕೊಂಡಿದ್ದಳು. ಅಪ್ಪನ ಪಕ್ಕದಲ್ಲಿ ಕೂತಳು. ಇಬ್ಬರೂ ಒಂದು ಎಳೆಯನ್ನು ನೋಡುತ್ತ ಕೂತರು. ಸುಮ್ಮನೆ ಕೂರುವುದು ಇಷ್ಟು ಕಷ್ಟ ಎಂದು ಅವಳಿಗೆ ಗೊತ್ತಿರಲಿಲ್ಲ. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಪಕ್ಕದ ಮನೆಯ ಮಗ್ಗ ಸದ್ದು ಮಾಡುತ್ತಲೇ ಇತ್ತು. ಎಷ್ಟೋ ಹೊತ್ತಾದ ಮೇಲೆ ಅಪ್ಪ ಕಂಕುಳಿಂದ ಕೈ ತೆಗೆದು ಲಾಳಿ ಓಡಿಸಿದ. ಒಂದು ಸಲ, ಎರಡು ಸಲ, ಹತ್ತು ಸಲ. ಎಳೆ ಹರಿಯಲಿಲ್ಲ.

ಸ್ವಪ್ನಾ ಮುಷ್ಟಿ ಬಿಚ್ಚಿ ನೋಡಿಕೊಂಡಳು. ಅಂಗೈ ಮೇಲೆ ಪಿನ್ನಿನ ಗುರುತು ಕೆಂಪಗೆ ಮೂಡಿತ್ತು.

ಅವಳು ನಡುಮನೆಗೆ ಬರುವಷ್ಟರಲ್ಲಿ ಅಜ್ಜಿ ಎದ್ದು ಕನ್ನಡಕ ಹಾಕಿಕೊಂಡಿದ್ದಳು. ಅಪ್ಪನ ಮೊಬೈಲಿನ ಟಾರ್ಚನ್ನೂ ಹೊತ್ತಿಸಿಕೊಂಡಿದ್ದಳು.

"ಬಾರೇ ಇಲ್ಲಿ. ರಾತ್ರಿಯಿಂದ ನಂಗೂ ಅದೇ ಯೋಚನೆ. ಬಾಯಿ ತೆಗಿ, ಡಾಕ್ಟ್ರಮ್ಮ ಏನು ಉಳಿಸವ್ಳೆ ನಾನೇ ಒಂದ್ಚೂರು ಕೆದಕಿ ನೋಡ್ತೀನಿ. ನನ್ನ ಇನ್ನೊಂದು ಪಿನ್ನು ಎಲ್ಲೋಯ್ತು?"

ಸ್ವಪ್ನಾ ಪಿನ್ನನ್ನು ಅಜ್ಜಿಯ ಬಳೆಗೆ ಸಿಕ್ಕಿಸಿದಳು. ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡಳು. ಆಮೇಲೆ ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ಹೇಳಬೇಕಾದಷ್ಟಕ್ಕೆ ಮಾತ್ರ ತುಟಿ ತೆರೆದಳು.

"ಮುಟ್ಟಬೇಡ ಅಜ್ಜಿ. ಒಳಗೆ ಕೆಲಸ ನಡೀತೈತೆ."