ಈ ಗಾಳಿಗೆ ತಡೆಯುತ್ತಾ?

ಬ್ಯಾಗು ಇತ್ತು. ಬ್ಯಾಗಿನೊಳಗಿದ್ದ ಗಂಟು ಇರಲಿಲ್ಲ.

ನಿರುಪಮಾ ಜಿಪ್ಪನ್ನು ಮತ್ತೊಮ್ಮೆ ಕೊನೆಯವರೆಗೆ ಎಳೆದರು. ಒಳಗಿದ್ದ ಶಾಲನ್ನು ತೆಗೆದು ಕೊಡವಿದರು. ಒಂದು ಏಲಕ್ಕಿ ಸಿಪ್ಪೆ ಉದುರಿತು, ಅಷ್ಟೆ.

"ಇಲ್ಲೇ ಇಟ್ಟಿದ್ದೆ," ಎಂದರು. ಧ್ವನಿ ಏರಲಿಲ್ಲ. "ಕೌಂಟರಿಗೆ ಹೋಗಿ ಬರೋದ್ರೊಳಗೆ... ಇವರು ಇಲ್ಲ."

ಇವರು — ಅಂದರೆ ಅವರ ಗಂಡ ಗೋಪಿನಾಥ್. ಬಿಳಿ ಬಟ್ಟೆಯಲ್ಲಿ ಕಟ್ಟಿದ ಪುಟ್ಟ ಮರದ ಡಬ್ಬಿ. ಅದರೊಳಗೆ ಅವರ ಅಸ್ಥಿ.

ನಾನು ಆ ವಿಮಾನ ನಿಲ್ದಾಣದಲ್ಲಿ ವಾರಕ್ಕೆರಡು ದಿನ ಸ್ವಯಂಸೇವಕಿ. ನೀಲಿ ಜಾಕೆಟ್ ತೊಟ್ಟು, ದಾರಿ ಕೇಳಿದವರಿಗೆ ದಾರಿ ಹೇಳುತ್ತೇನೆ. ಮೈಸೂರಿನಲ್ಲಿ ಓದಿದ ಸಸ್ಯಶಾಸ್ತ್ರ ಇಲ್ಲಿ ಯಾರಿಗೂ ಬೇಕಿಲ್ಲ. ಶೌಚಾಲಯ ಎಲ್ಲಿ ಎಂಬುದು ಎಲ್ಲರಿಗೂ ಬೇಕು. ಲಾಸ್ ಏಂಜಲಿಸ್‌ಗೂ ಸ್ಯಾನ್ ಡಿಯಾಗೊಗೂ ನಡುವೆ, ಮೂರು ಕಡೆ ಬೆಟ್ಟವಿರುವ ಕಣಿವೆಯಲ್ಲಿ ನಮ್ಮ ಈ ಪುಟ್ಟ ನಿಲ್ದಾಣ. ವಾರಕ್ಕೆರಡು ಸಲ ಮೆಕ್ಸಿಕೊಗೆ ಹೋಗುವ ವಿಮಾನದ ದೆಸೆಯಿಂದ ಅದಕ್ಕೆ 'ಇಂಟರ್‌ನ್ಯಾಶನಲ್' ಎಂಬ ಬಿರುದು.

ರನ್‌ವೇ ಒಂದೇ. ಅದರ ಪೂರ್ವದ ತುದಿಗೆ ಬೆಟ್ಟ ಗೋಡೆಯಂತೆ ನಿಂತಿದೆ. ವಿಮಾನಗಳು ಪಶ್ಚಿಮದ ತೆರಪಿನಿಂದಲೇ ಬರಬೇಕು, ಬಂದ ದಾರಿಯಲ್ಲೇ ಹಿಂದಿರುಗಬೇಕು. ಪೂರ್ವದಿಂದ ಬಿಸಿಗಾಳಿ ಎದ್ದರೆ ಅದು ಹೊರಡುವ ವಿಮಾನದ ಬೆನ್ನಿಗೆ ಬಡಿಯುತ್ತದೆ. ಆಗ ಯಾವ ವಿಮಾನವೂ ಮೇಲೇರುವಂತಿಲ್ಲ. ಕತ್ತಲಾದರೆ ಬೆಟ್ಟ ಕಾಣುವುದಿಲ್ಲ, ಆಗಲೂ ಏರುವಂತಿಲ್ಲ.

ಆ ಮಧ್ಯಾಹ್ನ ಗಾಳಿ ಎದ್ದಿತ್ತು. ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಂತಲ್ಲೇ ನಿಂತಿತ್ತು. ಅಲ್ಲಿಂದ ಮುಂದೆ ಬೆಂಗಳೂರು, ಬೆಂಗಳೂರಿನಿಂದ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ. ಪುರೋಹಿತರಿಗೆ ಹೇಳಿಟ್ಟಾಗಿತ್ತು. ಗೋಪಿನಾಥ್ ಹೋದದ್ದು ಎರಡು ಸಾವಿರದ ಇಪ್ಪತ್ತರ ಕೊನೆಯಲ್ಲಿ — ಕೋವಿಡ್ಡಿನ ದಿನಗಳು. ವಿಮಾನವಿದ್ದಾಗ ವೀಸಾ ಇರಲಿಲ್ಲ, ವೀಸಾ ಬಂದಾಗ ವಿಮಾನವಿರಲಿಲ್ಲ. ಅಂತೂ ಒಂದು ವರ್ಷ ಕಾದು ಇವತ್ತು ಹೊರಟಿದ್ದರು.

ಸೂರ್ಯ ಮುಳುಗುವುದರೊಳಗೆ ಗಾಳಿ ತಗ್ಗಬೇಕಿತ್ತು. ಈಗ, ಗಂಟೂ ಸಿಗಬೇಕಿತ್ತು.

ನಾನು ಸಿಂಧೂರಳಿಗೆ ಫೋನ್ ಮಾಡಿದೆ. ಆಕೆ ಅಲ್ಲಿನ ಆಪರೇಷನ್ಸ್ ಮ್ಯಾನೇಜರ್, ಹುಬ್ಬಳ್ಳಿಯ ಹುಡುಗಿ. ದಿನಾ ಬೆಳಿಗ್ಗೆ ಜೀಪಿನಲ್ಲಿ ರನ್‌ವೇ ಉದ್ದಕ್ಕೂ ಹೋಗಿ, ಬಿದ್ದ ಬೋಲ್ಟು, ಕಲ್ಲು, ಸತ್ತ ಹಕ್ಕಿ ಹುಡುಕುವುದು ಅವಳ ಕೆಲಸದ ಮೊದಲ ಪಾಠ.

"ಏನ್ ಆತ್ರೀ ಶಾಮಲಾ ಆಂಟಿ?" ಎನ್ನುತ್ತಲೇ ಬಂದಳು. ವಿಷಯ ಕೇಳಿದ ಮೇಲೆ ಒಂದು ಕ್ಷಣ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಳು. ಯಾರೂ ಅದನ್ನು ಗಮನಿಸಲಿಲ್ಲ. ನಾನು ಗಮನಿಸಿದೆ.

"ಕ್ಯಾಮರಾ ನೋಡಬೇಕಂದ್ರ ಪೊಲೀಸ್ ಕಂಪ್ಲೇಂಟ್ ಆಗಬೇಕ್ರಿ. ಕಂಪ್ಲೇಂಟ್ ಆದ್ರ ಇವತ್ತು ಹಾರೂದಿಲ್ಲ. ಮೊದಲು ನಾವs ನೋಡೂಣು. ಬ್ಯಾಗಿನ ಹತ್ರ ಯಾರಿದ್ರು?"

"ನಾನು," ಎಂದಳು ಪ್ರಕೃತಿ. ನಿರುಪಮಾ ಅವರ ಮಗಳು, ಸ್ಯಾನ್ ಡಿಯಾಗೊದಲ್ಲೇ ಹುಟ್ಟಿದವಳು. "ಐ ವಾಸ್ ಆನ್ ಎ ಕಾಲ್. ಕಿಟಕಿ ಹತ್ರ ಹೋದೆ. ಜಸ್ಟ್ ಫಾರ್ ಎ ಮಿನಿಟ್, ಅಮ್ಮಾ."

"ನಿನ್ನ ಒಂದು ಮಿನಿಟ್ ನಂಗೊತ್ತಿಲ್ವಾ?" ಎಂದರು ನಿರುಪಮಾ.

"ಪಕ್ಕದ ಸೀಟಿನ್ಯಾಗ?"

ಪಕ್ಕದಲ್ಲಿ ಕೂತಿದ್ದವನು ವಿಮಾನ ತಡವೆಂದು ಕೇಳಿ, ಕಾರು ಬಾಡಿಗೆಗೆ ಹಿಡಿಯಲು ಎದ್ದುಹೋಗಿದ್ದ. ಸಿಂಧೂರ ವಾಕಿಟಾಕಿಯಲ್ಲಿ ಮಾತಾಡಿದಳು. ಐದೇ ನಿಮಿಷಕ್ಕೆ ಉತ್ತರ ಬಂತು. ಆತ ತಾನಾಗಿಯೇ ಬ್ಯಾಗು ಬಿಚ್ಚಿ ತೋರಿಸಿದ್ದ — ಗಾಲ್ಫ್ ಶೂ, ಒಂದು ಕೇಕು. 'ಆ ಅಮ್ಮನಿಗೆ ಸಿಗಲಿ ಅಂತ ಪ್ರಾರ್ಥಿಸ್ತೀನಿ ಅಂತ ಹೇಳಿ' ಎಂದು ಹೇಳಿಕಳಿಸಿದ್ದ.

ಇನ್ನುಳಿದವರು ವರದರಾಜ. ಗೋಪಿನಾಥರ ತಮ್ಮ. ಲಾಂಗ್ ಬೀಚ್‌ನವರು. ಮನೆಯಲ್ಲಿ ಹೆಂಡತಿಗೆ ಡಯಾಲಿಸಿಸ್; ಊರಿಗೆ ಹೋಗುವಂತಿಲ್ಲ. ಬೀಳ್ಕೊಡಲೆಂದು ವಿಸಿಟರ್ ಪಾಸ್ ತೆಗೆದುಕೊಂಡು ಗೇಟಿನವರೆಗೆ ಬಂದಿದ್ದರು. ಗಂಟು ಕಾಣೆಯಾದಾಗಿನಿಂದ ಗಾಜಿನ ಗೋಡೆಗೆ ಮುಖಮಾಡಿ ನಿಂತವರು ಅಲ್ಲಿಂದ ಕದಲಿರಲಿಲ್ಲ.

ಬೆಳಿಗ್ಗೆ ಚೆಕ್-ಇನ್ ಸಾಲಿನಲ್ಲಿ ಅವರ ಮಾತು ನನ್ನ ಕಿವಿಗೆ ಬಿದ್ದಿತ್ತು. ಕನ್ನಡ ಕೇಳಿಸಿದರೆ ನನ್ನ ಕಾಲು ತಾನಾಗಿ ಅತ್ತ ಹೋಗುತ್ತದೆ. ಕೇಳಿದ್ದನ್ನು ಸಿಂಧೂರಳಿಗೂ ಹೇಳಿದೆ.

"ಒಂದು ವರ್ಷ ಅಣ್ಣನ್ನ ನಿಂಬೆ ಮರಕ್ಕೆ ನೇತುಹಾಕಿದ್ರಿ," ಎನ್ನುತ್ತಿದ್ದರು ವರದರಾಜ. "ಪಕ್ಕದ ಮನೆಯವರು ಹಕ್ಕಿಗೆ ಕಾಳು ಹಾಕೋ ಡಬ್ಬಿ ಅಂದ್ಕೊಂಡಿದ್ರು, ಗೊತ್ತಾ?"

"ಅಸ್ಥಿ ಮನೆಯೊಳಗೆ ತರಬಾರದು, ನೆಲಕ್ಕೂ ಇಡಬಾರದು ವರದೂ. ನಿಮ್ಮಮ್ಮ ಹೇಳಿದ್ದು."

"ಅಮ್ಮ ಹೇಳಿದ್ದು ನಂಜನಗೂಡಿನಲ್ಲಿ. ಇಲ್ಲೇ ಸಮುದ್ರಕ್ಕೆ ಬಿಡಬಹುದಿತ್ತು. ನೀರಿಗೇನು ಪಾಸ್‌ಪೋರ್ಟಾ?"

ನಿರುಪಮಾ ಈಗ ಆ ಮಾತನ್ನೇ ಹಿಡಿದರು. ಮೈದುನನ ಬೆನ್ನ ಹಿಂದೆ ಹೋಗಿ ನಿಂತರು.

"ವರದೂ. ಈ ಕಡೆ ತಿರುಗು. ಅವರನ್ನ ಸಮುದ್ರಕ್ಕೆ ಬಿಡಬೇಕು ಅಂತಿದೀಯಾ?"

"ಇಲ್ಲ ಅತ್ತಿಗೆ."

"ನಿನ್ನ ಕಾರಿನಲ್ಲಿದ್ಯಾ?"

"ಇಲ್ಲ. ಬೇಕಾದ್ರೆ ಕೀ ತಗೊಳ್ಳಿ." ಜೇಬಿನಿಂದ ಕೀ ತೆಗೆದೂ ಕೊಟ್ಟರು. ಆಮೇಲೆ ಸಿಂಧೂರಳ ಕಡೆ ನೋಡಿ, "ಏನಮ್ಮ, ಈ ಗಾಳಿಗೆ ತಡೆಯುತ್ತಾ?" ಎಂದರು.

"ತಡೀತದ ಅಂಕಲ್. ವಿಮಾನ ಗಟ್ಟಿ ಇರ್ತಾವ."

ಅವರು ಮತ್ತೆ ಗಾಜಿನ ಕಡೆ ತಿರುಗಿದರು. ಸ್ವಲ್ಪ ಹೊತ್ತಿಗೆ ನನ್ನನ್ನೂ ಕೇಳಿದರು. "ನೀವು ಇಲ್ಲೇ ಇರೋರು. ತಡೆಯುತ್ತಾ?"

"ತಡೆಯುತ್ತೆ," ಎಂದೆ ನಾನೂ. ಪಾಪ, ಅತ್ತಿಗೆಯ ವಿಮಾನದ ಚಿಂತೆ.

ಸಿಂಧೂರ ನನ್ನನ್ನು ಬದಿಗೆ ಕರೆದಳು.

"ಆಂಟಿ, ಹಿಂದಿನ ಅಂಗಳ ಖಾಲಿ ಮಾಡಿಸಿದಾಕಿ ನೀವs ಅಲ್ಲ?"

ಹೌದು. ಸೆಕ್ಯುರಿಟಿ ದಾಟಿದ ಮೇಲೆ, ರನ್‌ವೇಗೆ ಬೆನ್ನಾಗಿ, ಗಾಜಿನ ಗೋಡೆಯಾಚೆ ಒಂದು ಪುಟ್ಟ ಅಂಗಳವಿದೆ. ನಾಲ್ಕು ಬೆಂಚು, ನಡುವೆ ಮೆಣಸಿನಂಥ ಕೆಂಪು ಕಾಳು ಬಿಡುವ ಒಂದು ಹಳೆಯ ಪೆಪ್ಪರ್ ಮರ — ಕೊಂಬೆಗಳು ಕೂದಲು ಬಿಚ್ಚಿಬಿಟ್ಟಂತೆ ನೆಲದತನಕ ಜೋತುಬಿದ್ದಿರುತ್ತವೆ. ಗಾಳಿ ಮಿತಿ ಮೀರಿದರೆ ಅಲ್ಲಿದ್ದವರನ್ನು ಒಳಗೆ ಕಳಿಸಬೇಕು. ಬಾಗಿಲಿಗೆ ಬೀಗ ಬೀಳುತ್ತದೆ. ಆಮೇಲೆ ಸಿಂಧೂರಳ ಕಾರ್ಡಿಗೆ ಮಾತ್ರ ತೆರೆಯುತ್ತದೆ.

"ಅಲ್ಲಿ ಏನರ ಬಿಟ್ಟುಹೋಗಿತ್ತೇನ್ರೀ?"

"ಏನೂ ಇರಲಿಲ್ಲ. ಬೆಂಚಿನ ಮೇಲೆ, ಬೆಂಚಿನ ಕೆಳಗೆ, ಎಲ್ಲ ನೋಡಿಯೇ ಬಂದೆ."

"ಕೊನೀಗೆ ಬಂದವರು ಯಾರು?"

"ನಾನು. ಮತ್ತೆ ವರದರಾಜ ಅವರು. ಗಾಳಿ ನನ್ನನ್ನ ಎತ್ತಿಕೊಂಡು ಹೋಗೋ ಹಾಗಿತ್ತು ಕಣೆ. ಅವರೇ ಓಡಿಬಂದು ಎರಡೂ ಕೈಯಿಂದ ನನ್ನ ತೋಳು ಹಿಡಿದು ಒಳಗೆ ಕರೆತಂದರು. ಅಂಥವರ ಮೇಲೆ ಸಂಶಯ ಪಡಬೇಡ. ಅವರ ಕೈಯಲ್ಲಿ ಏನೂ ಇರಲಿಲ್ಲ."

"ಬರೂವಾಗ ಇರಲಿಲ್ಲ. ಹೋಗೂವಾಗ?"

ಹೋಗುವಾಗ ನಾನು ನೋಡಿರಲಿಲ್ಲ.

ಸಿಂಧೂರ ಬ್ಯಾಗಿನ ಬಳಿ ಹೋಗಿ ಮೊಣಕಾಲೂರಿ ಕೂತಳು. ಒಳಗೆ ಕೈ ಹಾಕಲಿಲ್ಲ. ಹೊರಗೆ ನೋಡಿದಳು. ಪ್ರಕೃತಿಯ ಬೆನ್ನಚೀಲ ನೋಡಿದಳು, ಮತ್ತೆ ಬ್ಯಾಗು.

"ಅಮ್ಮಾರ, ನಿಮ್ಮ ಮಗಳ ಚೀಲಕ್ಕ ಈ ಅರಿಶಿಣ ಬಣ್ಣದ ಪಟ್ಟಿ ಏನ್ರೀ?"

"ನನ್ನ ಹಳೇ ಸೀರೆದು. ಬೆಲ್ಟಿನ ಮೇಲೆ ಲಗೇಜ್ ಗುರುತು ಸಿಗಲಿ ಅಂತ ಹರಿದು ಎಲ್ಲದಕ್ಕೂ ಕಟ್ಟಿದೀನಿ."

"ಎಲ್ಲದಕ್ಕೂ?"

"ಎಲ್ಲದಕ್ಕೂ. ಈ ಕೈಚೀಲಕ್ಕೂ..." ನಿರುಪಮಾ ಹಿಡಿಕೆಯ ಮೇಲೆ ಕೈಯಾಡಿಸಿದರು. ಹಿಡಿಕೆ ಬರಿದಾಗಿತ್ತು.

ಆ ಹೊತ್ತಿಗೆ ಸ್ಪೀಕರಿನಲ್ಲಿ ಪ್ರಕಟಣೆ ಬಂತು. ಗಾಳಿ ತಗ್ಗುತ್ತಿದೆ, ಪ್ರಯಾಣಿಕರು ಸಿದ್ಧರಾಗಬೇಕು. ಜನ ರನ್‌ವೇ ಕಡೆಯ ಕಿಟಕಿಗಳಿಗೆ ಮುತ್ತಿದರು. ಗಾಳಿಯ ದಿಕ್ಕು ತೋರುವ ಕಿತ್ತಳೆ ಬಣ್ಣದ ಬಟ್ಟೆಚೀಲ ಕಂಬದ ಮೇಲೆ ನಿಧಾನವಾಗಿ ಜೋಲುತ್ತಿತ್ತು.

"ನಾನು ಹೋಗಲ್ಲ," ಎಂದು ನಿರುಪಮಾ ಕುರ್ಚಿಯಲ್ಲಿ ಕುಸಿದರು. "ಬರೀ ಬ್ಯಾಗು ತಗೊಂಡು ಯಾವ ನದಿಗೆ ಹೋಗಲಿ?"

"ಹೋಗ್ತೀರಿ," ಎಂದಳು ಸಿಂಧೂರ. "ಅಂಕಲ್, ಹೇಳ್ತೀರೋ, ನಾನs ಹೇಳಲೋ?"

ವರದರಾಜ ಹಣೆಯನ್ನು ಗಾಜಿಗೆ ಆನಿಸಿದರು.

"ಗಂಟು ಹೋತು ಅಂತ ಎಲ್ಲಾರೂ ಬ್ಯಾಗಿನ ಒಳಗ ನೋಡಿದ್ರಿ. ಹಿಡಿಕಿ ಮ್ಯಾಲಿಂದೂ ಒಂದು ಹೋಗೇತಿ. ಕಳ್ಳಗ ಹಳೀ ಸೀರೀ ಪಟ್ಟಿ ಯಾಕ ಬೇಕು? ಕಟ್ಟಾಕ. ಅಸ್ಥಿ ನೆಲಕ್ಕ ಇಡಬಾರದು, ಒಳಗ ಇಡಬಾರದು, ಮರಕ್ಕ ಕಟ್ಟಬೇಕು — ಇದು ಇಲ್ಲಿ ಯಾರಿಗೆ ಗೊತ್ತೈತಿ? ಶಾಮಲಾ ಆಂಟಿ ಬೆಂಚಿನ ಮ್ಯಾಲ ನೋಡಿದ್ರು, ಕೆಳಗ ನೋಡಿದ್ರು. ಮರದಾಗ ನೋಡಲಿಲ್ಲ."

ನಾನು ತಲೆ ತಗ್ಗಿಸಿದೆ. ಸಸ್ಯಶಾಸ್ತ್ರ ಓದಿದವಳು!

"ಇಷ್ಟೂ ಮಂದಿ ರನ್‌ವೇ ನೋಡಾಕತ್ತಾರ. ಅಂಕಲ್ ಒಬ್ಬರs ಅದಕ್ಕ ಬೆನ್ನು ಹಾಕಿ ನಿಂತಾರ — ಅಂಗಳದ ಕಡೆ ಮಾರಿ ಮಾಡಿ. 'ಈ ಗಾಳಿಗೆ ತಡೆಯುತ್ತಾ' ಅಂತ ಎರಡು ಸಲ ಕೇಳಿದ್ರು. ಏನು ಅಂತ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ವಿಮಾನ ಅಂದ್ಕೊಂಡ್ವಿ. ಅವರು ಕೇಳಿದ್ದು ತಾವು ಹಾಕಿದ ಗಂಟು."

"ಸುಳ್ಳು ಹೇಳಿದ್ಯಾ, ವರದೂ?" ನಿರುಪಮಾ ಎದ್ದರು.

"ಸುಳ್ಳು ಹೇಳಿಲ್ರೀ ಅಮ್ಮಾರ. ಸಮುದ್ರಕ್ಕ ಬಿಡ್ತೀಯಾ ಅಂದ್ರಿ — ಇಲ್ಲ ಅಂದ್ರು. ಕಾರಿನಾಗ ಐತ್ಯಾ ಅಂದ್ರಿ — ಇಲ್ಲ ಅಂದ್ರು. ನೀನs ತಗೊಂಡ್ಯಾ ಅಂತ ನಾವ್ಯಾರೂ ಕೇಳಲs ಇಲ್ಲ."

ಈಗ ವರದರಾಜ ತಿರುಗಿದರು. ಕಣ್ಣು ಕೆಂಪಾಗಿತ್ತು.

"ಐದು ನಿಮಿಷ ಅಣ್ಣನ ಹತ್ರ ಕೂರೋಣ ಅಂತ ತಗೊಂಡು ಹೋದೆ, ಅತ್ತಿಗೆ. ಅವನನ್ನ ಕೊನೇಲಿ ನೋಡಿದ್ದು ಫೋನಿನಲ್ಲಿ. ನನ್ನಿಂದ ನನ್ನ ಹೆಂಡತಿಗೆ ಕೋವಿಡ್ ತಗುಲಿಬಿಟ್ರೆ ಅಂತ ಬರಲಿಲ್ಲ. ಅವನಿಗೆ ಹೆಗಲು ಕೊಡಲಿಲ್ಲ. ಸಮುದ್ರಕ್ಕೆ ಬಿಡಿ ಅಂದಿದ್ದು ಯಾಕೆ? ನಾನು ಊರಿಗೆ ಹೋಗೋ ಹಾಗಿಲ್ಲ. ಲಾಂಗ್ ಬೀಚಿನಲ್ಲಿ ಆದ್ರೆ ಸಾಯಂಕಾಲ ಹೋಗಿ ಅವನ ಜೊತೆ ನಿಂತು ಬರಬಹುದಿತ್ತು." ಮೂಗು ಒರೆಸಿಕೊಂಡರು. "ಬೆಂಚಿನ ಮೇಲೆ ಇಡೋಕೆ ಹೋದೆ. ನೀವು ಬೈತೀರಿ ಅನಿಸ್ತು, ವಾಪಸ್ ಬಂದು ಹಿಡಿಕೆಯ ಪಟ್ಟಿ ಬಿಚ್ಕೊಂಡು ಹೋದೆ. ಕಟ್ಟಿದೆ. ಕಟ್ಟಿ ಕೂತೆ, ಅಷ್ಟರಲ್ಲಿ ಗಾಳಿ. ಈ ನೀಲಿ ಜಾಕೆಟ್ಟಿನವರು ಬೀಳೋದ್ರಲ್ಲಿದ್ರು, ಹಿಡ್ಕೊಂಡೆ. ಹಿಂದಕ್ಕೆ ತಿರುಗೋದ್ರೊಳಗೆ ಬಾಗಿಲು ಬಿತ್ತು."

ಅಂದರೆ ನನಗಾಗಿ. ಒಳಗೆ ಬರುವಾಗ ಅವರು ಹಿಂದಿರುಗಿ ನೋಡುತ್ತಲೇ ಇದ್ದದ್ದು ನೆನಪಾಯಿತು. ನನ್ನ ಟೋಪಿ ಹಾರಿತೇನೋ ಎಂದು ನೋಡುತ್ತಿದ್ದಾರೆ ಅಂದುಕೊಂಡಿದ್ದೆ.

"ಹೇಳೋಕೆ ಏನಾಗಿತ್ತು ನಿಂಗೆ?"

"ಒಂದು ವರ್ಷ ನಿಮ್ಮ ನಿಂಬೆ ಮರಾನ ಆಡ್ಕೊಂಡು ನಕ್ಕಿದೀನಿ. ಯಾವ ಮುಖ ಇಟ್ಕೊಂಡು ಹೇಳಲಿ? ಗಾಳಿ ಹೊತ್ತುಕೊಂಡು ಹೋಗಿಬಿಟ್ಟಿದ್ರೆ..."

ಸಿಂಧೂರ ಆಗಲೇ ಕಾರ್ಡು ತೋರಿಸಿ ಬಾಗಿಲು ತೆರೆದಿದ್ದಳು.

ಅಂಗಳದ ತುಂಬ ಕೆಂಪು ಪೆಪ್ಪರ್ ಕಾಳು, ಮುರಿದ ರೆಂಬೆ. ಒಂದು ಬೆಂಚು ಮಗುಚಿಬಿದ್ದಿತ್ತು. ಜೋತ ಕೊಂಬೆಗಳನ್ನು ಸಿಂಧೂರ ಪರದೆಯಂತೆ ಸರಿಸಿ ಹಿಡಿದಳು. ಒಳಗೆ, ಕಾಂಡಕ್ಕೆ ಹತ್ತಿರದ ದಪ್ಪ ಕೊಂಬೆಯಲ್ಲಿ, ಅರಿಶಿಣ ಬಣ್ಣದ ಪಟ್ಟಿ. ಅದರ ಕೆಳಗೆ ಬಿಳಿ ಗಂಟು, ಮೆಲ್ಲಗೆ ಒಲೆಯುತ್ತಿತ್ತು.

ನಿರುಪಮಾ ಗಂಟನ್ನು ಮುಟ್ಟಲಿಲ್ಲ. ಪಟ್ಟಿಯನ್ನು ಬೆರಳಲ್ಲಿ ಎಳೆದು ನೋಡಿದರು. ಒಂದಲ್ಲ, ಗಂಟಿನ ಮೇಲೆ ಗಂಟು, ಮೂರು ಸುತ್ತು.

"ಇದನ್ನ ಬಿಚ್ಚೋದು ಹೇಗೋ ಮಾರಾಯ?" ಎಂದರು. ಅಳುತ್ತ ನಗುತ್ತಿದ್ದರು.

ಬಿಚ್ಚಲು ವರದರಾಜರ ಉಗುರೇ ಬೇಕಾಯಿತು. ಗಂಟು ಕೈಗೆ ಬಂದೊಡನೆ ಅದನ್ನು ಅತ್ತಿಗೆಯ ಮುಂದೆ ಹಿಡಿದರು. ನಿರುಪಮಾ ಕೈಚಾಚಲಿಲ್ಲ.

"ಗೇಟಿನ ತನಕ ನೀನೇ ಕರ್ಕೊಂಡು ಬಾ."

ಅವರಿಗೆ ಅರ್ಥವಾಗಲಿಲ್ಲ.

"ಹೆಗಲ ಮೇಲೆ ಇಟ್ಕೋ," ಎಂದರು ನಿರುಪಮಾ.

ಅಂಗಳದಿಂದ ಗೇಟಿಗೆ ಹೆಚ್ಚು ದೂರವೇನಿಲ್ಲ. ವರದರಾಜ ನಿಧಾನವಾಗಿ ನಡೆದರು. ಒಂದು ಕೈ ಹೆಗಲ ಮೇಲಿನ ಗಂಟಿನ ಮೇಲೆ. ಪ್ರಕೃತಿ ಫೋನನ್ನು ಜೇಬಿಗೆ ಹಾಕಿ, ಚಿಕ್ಕಪ್ಪನ ಇನ್ನೊಂದು ಕೈ ಹಿಡಿದುಕೊಂಡಳು. ಗೇಟಿನ ಹುಡುಗಿಗೆ ಕನ್ನಡ ಬಾರದು, ವಿಷಯವೂ ತಿಳಿಯದು. ಆದರೂ ಸಾಲಿನವರನ್ನು ಒಂದು ಕ್ಷಣ ನಿಲ್ಲಿಸಿ ದಾರಿ ಬಿಟ್ಟಳು.

ಬಾಗಿಲಲ್ಲಿ ಅವರು ಗಂಟನ್ನು ಇಳಿಸಿ ಅತ್ತಿಗೆಯ ಕೈಗಿಟ್ಟರು. ತಾವು ಅಲ್ಲೇ ನಿಂತರು. ಪಾಸು ಅಲ್ಲಿಗೇ ಮುಗಿಯುತ್ತಿತ್ತು.

ಬೆಟ್ಟದ ತಲೆಯ ಮೇಲೆ ಇನ್ನೂ ಚೂರು ಬೆಳಕಿತ್ತು. ವಿಮಾನ ರನ್‌ವೇಯ ತುದಿಗೆ ಹೋಗಿ, ಬೆಟ್ಟಕ್ಕೆ ಬೆನ್ನು ಹಾಕಿ ನಿಂತು, ಬಂದ ದಾರಿ ಹಿಡಿದು ಓಡಿತು. ಈಗ ವರದರಾಜ ಎಲ್ಲರಂತೆ ಆ ಕಡೆಯ ಕಿಟಕಿಯಲ್ಲಿದ್ದರು. ಬಿಚ್ಚಿದ ಸೀರೆಯ ಪಟ್ಟಿ ಅವರ ಮುಷ್ಟಿಯಲ್ಲೇ ಉಳಿದಿತ್ತು.

"ತಡೆಯುತ್ತಾ?" ಎಂದು ಕೇಳಿದರು.

ಈ ಸಲವೂ ಏನು ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಅವರು ನನ್ನ ತೋಳು ಹಿಡಿದಿದ್ದಂತೆಯೇ, ಎರಡೂ ಕೈಯಿಂದ ಅವರ ತೋಳು ಹಿಡಿದುಕೊಂಡೆ.

"ತಡೆಯುತ್ತೆ," ಎಂದೆ.