ಏಳನೆಯ ಮಾದರಿ

"ಮುಟ್ಟಬ್ಯಾಡ್ರಿ! ಇನ್ನೂ ಹಸಿ ಐತಿ!"

ಶೀತಲ್ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು. ಗದಗಿನ ಆ ಪ್ರಯೋಗಾಲಯದಲ್ಲಿ ಅವಳಿಗದು ಮೊದಲ ದಿನ. ಎದುರಿಗಿದ್ದ ಮೌನೇಶ ಗಾಜಿನ ತಟ್ಟೆಗೆ ಪಾಲಿಮರ್ ಲೇಪಿಸುತ್ತಿದ್ದ. ರೋಗದೊಂದಿಗೆ ಹೋರಾಡುವ ಬಿಳಿ ರಕ್ತಕಣಗಳನ್ನು ಅದರ ಮೇಲೆ ಹಾಯಿಸಿದರೆ ಬಿ ಕಣಗಳು ಅಂಟಬೇಕು, ಟಿ ಕಣಗಳು ಜಾರಿ ಹೋಗಬೇಕು. ಹಾಗೆ ಅವನ್ನು ಬೇರ್ಪಡಿಸುವುದೇ ಅಲ್ಲಿಯ ಕೆಲಸ.

"ಒದರಿದೆ ಅಂತ ಅಳಬ್ಯಾಡ್ರಿ ಮತ್ತ..." ಅವನು ನಕ್ಕ. ಅವಳ ಎದೆ ಝಲ್ಲೆಂದಿತು!

ಆರು ತಿಂಗಳಲ್ಲಿ ಆ ನಗು ಕಾಣದ ದಿನ ಅವಳಿಗೆ ಊಟ ಸೇರದಂತಾಯಿತು. ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಏಳನೆಯ ರಕ್ತದ ಮಾದರಿ ಎಲ್ಲವನ್ನೂ ಕೆಡಿಸಿತು. ಬೇರೆ ಮಾದರಿಗಳಲ್ಲಿ ಕೆಲವೇ ಕಣಗಳು ಅಂಟಿದ್ದರೆ, ಇದರಲ್ಲಿ ತಟ್ಟೆಯ ತುಂಬ ಕಿಕ್ಕಿರಿದು ಅಂಟಿಕೊಂಡಿದ್ದವು.

"ಲೇಪ ಕೆಟ್ಟೈತಿ! ಈಚಿಗೆ ನಿಮ್ಮ ಮನಸ್ಸು ಕೆಲಸದಾಗ ಇಲ್ಲ. ಕೇಳಿದ್ರ ಬರೇ ದಣಿವು ಅಂತೀರಿ!" ಎಲ್ಲರೆದುರು ಶೀತಲ್ ಕೂಗಿಬಿಟ್ಟಳು.

ಮೌನೇಶನ ಮುಖ ಬಿಳಿಚಿಕೊಂಡಿತು. "ಲೇಪ ಸರಿ ಐತ್ರಿ," ಎಂದಷ್ಟೇ ಹೇಳಿ ಹೊರನಡೆದ. ಲಕ್ಷ್ಮೇಶ್ವರದ ಮನೆಗೆ ಹೋದವನು ಮರಳಲಿಲ್ಲ. ಫೋನೂ ಎತ್ತಲಿಲ್ಲ.

ಹಟಕ್ಕೆ ಬಿದ್ದು ಅವಳು ತಾನೇ ಹೊಸ ಲೇಪ ಹಚ್ಚಿ ಎಲ್ಲ ಮಾದರಿಗಳನ್ನೂ ಮತ್ತೆ ಪರೀಕ್ಷಿಸಿದಳು. ಉಳಿದವೆಲ್ಲ ಸರಿ. ಏಳನೆಯದು ಮಾತ್ರ ಹಾಗೆಯೇ!

ಅಂದರೆ... ದೋಷವಿರುವುದು ಲೇಪದಲ್ಲಲ್ಲ, ರಕ್ತದಲ್ಲಿ!

ರಕ್ತ ಕೊಟ್ಟವರನ್ನು ಎಚ್ಚರಿಸಲೆಂದು ಮಾರ್ಗದರ್ಶಕಿ ಮೇಡಂ ಗುಟ್ಟಾಗಿಟ್ಟಿದ್ದ ಹೆಸರಿನ ಪಟ್ಟಿ ತೆರೆದರು. ಓದಿ ತಲೆ ಎತ್ತಿದರು.

"ಶೀತಲ್... ಏಳನೇದು ಮೌನೇಶಂದು. ಒಬ್ಬರು ಕಡಿಮಿ ಬಿದ್ರು ಅಂತ ತಾನ ಕೊಟ್ಟಿದ್ದ."

ಸಿಕ್ಕ ಬಸ್ಸು ಹತ್ತಿ ಅವಳು ಲಕ್ಷ್ಮೇಶ್ವರಕ್ಕೆ ಓಡಿದಳು. ಮನೆಯ ಕಟ್ಟೆಯ ಮೇಲೆ ಅವನು ಶಾಲು ಹೊದ್ದು ಕುಳಿತಿದ್ದ. ಎಷ್ಟು ಸೊರಗಿದ್ದಾನೆ! ಇಷ್ಟು ದಿನ ನನ್ನ ಕಣ್ಣಿಗೇಕೆ ಕಾಣಲಿಲ್ಲ?

"ತಪ್ಪು ನಂದು. ಲೇಪ ಸರಿ ಇತ್ತು... ನಾಳಿಗೇ ದವಾಖಾನಿಗೆ ಹೋಗೂಣ್ರಿ," ಅವಳು ಬಿಕ್ಕಿದಳು.

"ಅವತ್ತ ತಟ್ಟಿ ನೋಡಿದ ಕೂಡಲೆ ನನ್ನ ರಕ್ತದಾಗ ಏನೋ ಐತಿ ಅಂತ ತಿಳೀತ್ರಿ. ಮೂರು ತಿಂಗಳಿಂದ ಸಣ್ಣಗ ಜ್ವರ. ತೋರ್ಸಾಕ ಅಂಜಿಕಿ ಆತು."

ಹುಬ್ಬಳ್ಳಿಯ ವೈದ್ಯರು ರಕ್ತದ ಕ್ಯಾನ್ಸರ್ ಎಂದರು. ಬೇಗ ಪತ್ತೆಯಾಗಿದೆ, ಚಿಕಿತ್ಸೆಯಿದೆ. ಆದರೆ ಖಚಿತವಾಗಿ ಏನೂ ಹೇಳಲಾಗದು ಎಂದರು.

ಹೊರಗಿನ ಬೆಂಚಿನ ಮೇಲೆ ಮೌನೇಶ ತಲೆ ತಗ್ಗಿಸಿದ. "ಮನಸ್ಸಿನ್ಯಾಗ ಒಂದು ಮಾತಿತ್ತು. ಈಗ ಯಾವ ಬಾಯಿಲೆ ಕೇಳಲಿ? ನನ್ನ ಬಿಟ್ಟುಬಿಡ್ರಿ, ಶೀತಲ್."

"ನೀವು ಕೇಳಬ್ಯಾಡ್ರಿ. ನಾನ ಕೇಳ್ತೀನಿ. ನನ್ನ ಮದುವಿ ಆಗ್ತೀರೇನು?"

"ನಾ ಉಳೀಲಿಲ್ಲಂದ್ರ?"

ಅವಳ ಕಣ್ಣು ತುಂಬಿ ಬಂತು. "ಅದರ ಅಂಜಿಕಿ ನನಗೂ ಐತಿ. ಆದ್ರ ನಾ ಕೇಳಿದ್ದು ಅದಲ್ಲರಿ."

ಮೌನೇಶ ಮೆಲ್ಲಗೆ ಅವಳ ಬೆರಳು ಹಿಡಿದ.

"ಆಗ್ತೀನಿ..."